ಮಾಫಿ ಕೇಳದ ಅರ್ಜಿ

ಸುಮೇಧಾಳ ಎಡಗಾಲಿನ ಚಪ್ಪಲಿ ಸಪ್ಪಳ ಮಾಡುತ್ತಿತ್ತು. ಬಲಗಾಲಿನದು ಸಂಭಾವಿತ. ಎಡಗಾಲಿನದು ಮಾತ್ರ ನೆಲಕ್ಕೂರಿದಾಗೆಲ್ಲ ಕೀಚ್ ಎನ್ನುತ್ತಿತ್ತು.

ಸಂಜೆ ಆಡುಗಳಿಗೆ ನೀರಿಟ್ಟು ಬಂದು ಅವಳು ಡೈರಿ ತೆಗೆದಳು. ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಟ್ಟ ಡೈರಿ, ಎರಡು ವರ್ಷ ಹಳೆಯದು. ವಾರಕ್ಕೂ ತಾರೀಖಿಗೂ ಹೊಂದಾಣಿಕೆ ಇಲ್ಲ. ಮಂಗಳವಾರದ ಹಾಳೆಯ ಮೇಲೆ ಗುರುವಾರದ ದುಃಖ ಬರೆಯುವುದು ಅವಳಿಗೆ ರೂಢಿಯಾಗಿತ್ತು.

‘ನಾಳೆ ಕೋರ್ಟಿಗೆ ಹೋಗಬೇಕು’ ಎಂದು ಬರೆದಳು. ‘ಅಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕೂತಿರುತ್ತಾರಂತೆ. ನಾನು ಒಳಗೆ ಹೋಗುವಾಗ ಚಪ್ಪಲಿ ಕೀಚ್ ಅಂದರೆ? ಎಲ್ಲರೂ ತಿರುಗಿ ನೋಡಿದರೆ? ಅವ್ವನಿಗೆ ಹೇಳಿದರೆ ನಗುತ್ತಾಳೆ. ಹೇಳುವುದಿಲ್ಲ.’

ಮನೆಯ ಮೇಲೆ ಅರವತ್ತೊಂದು ಸಾವಿರದ ಇನ್ನೂರು ರೂಪಾಯಿಯ ಕೋರ್ಟಿನ ಹುಕುಂ ಇತ್ತು. ಅಂಗಳದ ಎರಡು ಆಡುಗಳ ಹರಾಜಿಗೆ ದಿನ ಗೊತ್ತಾಗಿತ್ತು. ಹುಡುಗಿಗೆ ಚಿಂತೆ ಚಪ್ಪಲಿಯದು. ಬಸವಕಲ್ಯಾಣದ ಕಾಲೇಜಿನಲ್ಲಿ ಮೂರು ವರ್ಷ ಬಿ.ಎ. ಓದಿ ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು. ಆ ಮೂರು ವರ್ಷದಲ್ಲಿ ಅವಳು ತರಗತಿಯಲ್ಲಿ ಆಡಿದ ಮಾತು ಒಂದೇ: ‘ಯೆಸ್ ಸರ್.’ ಅದೂ ಎಷ್ಟು ಮೆಲ್ಲಗೆಂದರೆ, ಮುಂದಿನ ಬೆಂಚಿನಲ್ಲಿ ಕೂತಿದ್ದರೂ ಹಲವು ಸಲ ಗೈರುಹಾಜರಾಗಿದ್ದಳು.

ನಾರಾಯಣಪುರದಲ್ಲಿ, ಬುದ್ಧ ವಿಹಾರದ ಹಿಂದಿನ ಓಣಿಯಲ್ಲಿ ಅವರ ಮನೆ. ಅಪ್ಪ ನರಸಿಂಗ ಪುಣೆಯ ಕಡೆ ಇಟ್ಟಿಗೆ ಭಟ್ಟಿಯಲ್ಲಿದ್ದ. ಮಳೆಗಾಲಕ್ಕೆ ಮೊದಲು ಬರುವವನಲ್ಲ. ಅವ್ವ ಕಮಳಾಬಾಯಿ ಕಂಡವರ ಹೊಲದಲ್ಲಿ ಕೂಲಿ. ಕಳೆ ತೆಗೆಯುವಾಗ ಕಳೆ, ತೊಗರಿ ಕೊಯ್ಯುವಾಗ ತೊಗರಿ. ಅಂಗೈ ಬಿರಿದು, ಬಿರುಕಿನಲ್ಲಿ ಕರಿಮಣ್ಣು ಕೂತು, ಎಷ್ಟು ತಿಕ್ಕಿದರೂ ಹೋಗದೆ ಅದು ಅವಳ ಸ್ವಂತ ಗೆರೆಯೇ ಆಗಿಹೋಗಿತ್ತು. ಮೂವತ್ತು ಬೇಸಿಗೆ ಅವಳು ಬಿಸಿಲಲ್ಲಿ ನಿಂತಳು. ಮೂವತ್ತೊಂದನೆಯ ಬೇಸಿಗೆಯಲ್ಲಿ ಹುಮನಾಬಾದಿಗೆ ಹೋಗಿ ಒಂದು ಫೈನಾನ್ಸಿನಲ್ಲಿ ಹೆಬ್ಬೆಟ್ಟು ಒತ್ತಿ, ಹನ್ನೆರಡು ಸಾವಿರದ ಸಾಲದ ಮೇಲೆ ಒಂದು ಕೂಲರ್ ತಂದಳು.

ಓಣಿಗೆ ಓಣಿಯೇ ನೋಡಲು ಬಂತು. ಅವಳು ದುಡಿಯುವ ಹೊಲದ ಧಣಿಗೂ ಸುದ್ದಿ ಮುಟ್ಟಿತು.

“ಏನ ಕಮಳಾ, ಹೊಲದಾಗ ಬಿಸಲಾಗ ನಿಂದ್ರೂ ಮಂದಿಗಿ ಮನ್ಯಾಗ ಕೂಲರ್ ಯಾಕ?” ಎಂದು ಧಣಿ ನಕ್ಕ.

“ಬಿಸಲಾಗ ನಿಂದ್ರೂ ಮಂದಿಗೇ ಬೇಕ್ರಿ ಧಣೀ,” ಎಂದಳು ಕಮಳಾಬಾಯಿ. “ನೆರಳಾಗ ಕುಂತವ್ರಿಗಿ ಯಾಕ?”

ಆ ವಾರ ಅವಳಿಗೆ ಆ ಹೊಲದಲ್ಲಿ ಕೆಲಸ ಸಿಗಲಿಲ್ಲ. ಮರುವಾರ ಧಣಿಗೇ ಆಳು ಸಿಗಲಿಲ್ಲ. ಕರೆದ. ಹೋದಳು.

ತಿಂಗಳಿಗೆ ಸಾವಿರದಂತೆ ಏಳು ಕಂತು ಕಟ್ಟಿದಳು. ಆಮೇಲೆ ಅತಿ ಮಳೆಗೆ ಹೊಲದ ಕೆಲಸ ನಿಂತಿತು, ಕಂತೂ ನಿಂತಿತು. ಫೈನಾನ್ಸಿನವರು ಕೇಸು ಹಾಕಿದರು. ಅವಳೊಬ್ಬಳ ಮೇಲೆ ಅಲ್ಲ, ನಲವತ್ತಮೂರು ಮಂದಿಯ ಮೇಲೆ. ಕೋರ್ಟು ಯಾವ ಊರಿನದೆಂದು ಇಲ್ಲಿ ಹೇಳುವುದಿಲ್ಲ. ಕೋರ್ಟಿಗೂ ಮಾನ ಮರ್ಯಾದೆ ಇರುತ್ತದೆ. ಡಿಸೆಂಬರಿನಲ್ಲಿ ಒಂದೇ ದಿನ ನಲವತ್ತಮೂರೂ ಕೇಸು ರಾಜಿಯಾದವು. ಕಮಳಾಬಾಯಿ ತಿಂಗಳಿಗೆ ನಾನೂರರಂತೆ ಒಂದು ವರ್ಷ ಕಟ್ಟಬೇಕು, ಒಟ್ಟು ನಾಲ್ಕು ಸಾವಿರದ ಎಂಟುನೂರು. ಅವಳು ಒಪ್ಪಿದಳು. ಫೈನಾನ್ಸಿನ ವಕೀಲ ಒಪ್ಪಿದ. ನ್ಯಾಯಾಧೀಶ ಸಾಹೇಬರು ತಲೆಯಾಡಿಸಿದರು. ಹೆಬ್ಬೆಟ್ಟು ಬಿತ್ತು.

ತಪ್ಪು ನಡೆದದ್ದು ಅದರ ನಂತರ, ಟೈಪ್ ಮಾಡುವ ಕೋಣೆಯಲ್ಲಿ. ನಲವತ್ತಮೂರು ಆದೇಶ ಯಾರು ಬೇರೆ ಬೇರೆ ಟೈಪ್ ಮಾಡುತ್ತಾರೆ? ಒಂದನ್ನು ಮಾಡಿಟ್ಟುಕೊಂಡು, ಹೆಸರು ಊರು ಅಳಿಸಿ, ಮುಂದಿನವರ ಹೆಸರು ಊರು ಹಾಕಿ, ಮೊತ್ತ ತಿದ್ದಿ, ಪ್ರಿಂಟ್ ಕೊಡುತ್ತಾ ಹೋಗುವುದು. ಕಮಳಾಬಾಯಿಯ ಪಾಳಿ ಬಂದಾಗ ಚಹಾ ಬಂದಿತ್ತೋ ಏನೋ. ಹೆಸರು ಊರು ಬದಲಾದವು. ಉಳಿದದ್ದು ಬದಲಾಗಲಿಲ್ಲ.

ಜನವರಿಯಲ್ಲಿ ಆದೇಶ ಟಪಾಲಿನಲ್ಲಿ ಬಂತು. ಸುಮೇಧಾ ಓದಿದಳು. ‘ನಾರಾಯಣಪುರ ಗ್ರಾಮದ ಕಮಳಾಬಾಯಿ ಗಂಡ ನರಸಿಂಗ ಇವರು ತಾವು ಖರೀದಿಸಿದ ಮೋಟರ್ ಸೈಕಲ್‌ನ ಸಾಲದ ಬಾಕಿ ರೂಪಾಯಿ ಅರವತ್ತೊಂದು ಸಾವಿರದ ಇನ್ನೂರನ್ನು ತಿಂಗಳಿಗೆ ಐದು ಸಾವಿರದ ಒಂದು ನೂರರಂತೆ ಪಾವತಿಸತಕ್ಕದ್ದು. ತಪ್ಪಿದಲ್ಲಿ ಸದರಿ ವಾಹನವನ್ನು ಒಪ್ಪಿಸತಕ್ಕದ್ದು.’ ಕೆಳಗೆ ಗಾಡಿಯ ನಂಬರೂ ಇತ್ತು.

ಮೂರು ಸಲ ಓದಿದಳು. ಕಮಳಾಬಾಯಿ ಜನ್ಮದಲ್ಲಿ ಸೈಕಲ್ ಕೂಡ ಮುಟ್ಟಿದವಳಲ್ಲ.

“ಏನ್ ಬರದಾರ?” ಎಂದು ಅವ್ವ ರೊಟ್ಟಿ ತಟ್ಟುತ್ತಲೇ ಕೇಳಿದಳು.

“ಕಟ್ಟಬೇಕಂತ,” ಎಂದಳು ಮಗಳು.

“ಅದ ಗೊತ್ತದಲ್ಲ. ಕಟ್ಟತೀನಿ.”

ಅಷ್ಟೇ. ಉಳಿದದ್ದನ್ನು ಸುಮೇಧಾ ಡೈರಿಗೆ ಹೇಳಿದಳು. ‘ಕೋರ್ಟು ತಪ್ಪು ಬರೆಯುತ್ತದೆಯೇ? ಇಷ್ಟು ದೊಡ್ಡ ಮೊಹರು ಇದೆ. ನಾನೇ ತಪ್ಪು ಓದಿರಬೇಕು. ಇಂಗ್ಲಿಷಿನಲ್ಲಿ ಇದ್ದರೆ ಹಾಗನ್ನಬಹುದಿತ್ತು. ಆದೇಶ ಕನ್ನಡದಲ್ಲೇ ಇದೆ.’

ಅವ್ವ ಪ್ರತಿ ತಿಂಗಳು ಒಂದು ದಿನದ ಕೂಲಿ ಬಿಟ್ಟು, ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿ ನಾನೂರು ಕಟ್ಟಿ ಬಂದಳು. ಫೈನಾನ್ಸಿನವರು ಎಣಿಸಿ ತೆಗೆದುಕೊಂಡು ರಸೀದಿ ಕೊಟ್ಟರು. ರಸೀದಿಯಲ್ಲಿ ‘ಕೂಲರ್ ಬಾಬತ್ತು’ ಎಂದು ಬರೆದರು. ಜನವರಿ, ಫೆಬ್ರವರಿ, ಮಾರ್ಚ್. ಮೂರು ರಸೀದಿ. ಒಂದು ಕಡೆ ಕೂಲರಿನ ದುಡ್ಡು ಎಣಿಸುತ್ತಾ, ಇನ್ನೊಂದು ಕಡೆ ಮೋಟರ್ ಸೈಕಲಿನ ಕಂತು ಬರಲಿಲ್ಲವೆಂದು ಕೋರ್ಟಿಗೆ ಬರೆದರು. ಆದೇಶ ತಪ್ಪೆಂದು ಅವರಿಗೆ ಗೊತ್ತಿರಲಿಲ್ಲವೆಂದು ಹೇಳಿದರೆ ಆಡು ಕೂಡ ನಂಬುವುದಿಲ್ಲ.

ಏಪ್ರಿಲಿನಲ್ಲಿ ಕೋರ್ಟಿನ ಅಮೀನ ಸೂರ್ಯಕಾಂತ ಜಪ್ತಿಗೆ ಬಂದ. ಮಧ್ಯಾಹ್ನ. ಕಮಳಾಬಾಯಿ ಆಗಷ್ಟೇ ಹೊಲದಿಂದ ಬಂದು ಸೆರಗಿನಿಂದ ಕುತ್ತಿಗೆ ಒರೆಸುತ್ತಿದ್ದಳು.

“ಗಾಡಿ ಎಲ್ಲದ?” ಎಂದ.

“ಯಾವ ಗಾಡಿ?”

“ನಿನ್ನ ಮೋಟರ್ ಸೈಕಲ್.”

ಕಮಳಾಬಾಯಿ ಅವನ ಮುಖ ನೋಡಿದಳು. ಬಿಸಿಲು ತಲೆಗೆ ಹತ್ತಿದೆ ಎಂದುಕೊಂಡು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಳು.

ಅವನ ತುಟಿ ಒಣಗಿ ಬಿರಿದಿದ್ದವು. ಚೊಂಬು ನೋಡಿದ. ಗೋಡೆಯ ಮೇಲಿನ ಬುದ್ಧನ ಫೋಟೋ ನೋಡಿದ. “ಬ್ಯಾಡ. ಈಗರೆ ಕುಡದೀನಿ,” ಎಂದ. ಆದರೆ ಬಾಗಿಲ ಬಳಿ ಕೂಲರಿನ ಗಾಳಿ ಬರುವ ಜಾಗ ನೋಡಿ ಅಲ್ಲೇ ನಿಂತುಕೊಂಡ. ಗಾಳಿ ಯಾರ ಮನೆಯದೆಂದು ಅವನು ವಿಚಾರಿಸಲಿಲ್ಲ.

ತಂಪಾದ ಮೇಲೆ ಹುಡುಕಾಟ ಶುರುವಾಯಿತು. ಮನೆ ಎಂದರೆ ಒಂದೂವರೆ ಕೋಣೆ. ಅಲ್ಲಿ ಗಾಡಿ ಇಲ್ಲ. ಹಿತ್ತಿಲಲ್ಲಿ ವರ್ಷದ ಒಲೆಗೆಂದು ಒಟ್ಟಿದ್ದ ತೊಗರಿ ಕಟ್ಟಿಗೆಯ ಬಣವೆ ಇತ್ತು, ಆಳೆತ್ತರ.

“ಇದರಾಗ ಮುಚ್ಚಿಟ್ಟಿರಬೇಕು. ತೆಗಿ.”

“ಕಟಗಿ ಅವ ಸಾಹೇಬ್ರ.”

“ತೆಗಿ ಅಂದೆ.”

ಕಮಳಾಬಾಯಿ ತೆಗೆದಳು. ಒಂದೊಂದೇ ಹೊರೆ. ಬೆಳಿಗ್ಗೆ ಆರರಿಂದ ಬಗ್ಗಿದ್ದ ನಡು ಮತ್ತೆ ಬಗ್ಗಿತು. ಕಟ್ಟಿಗೆಯ ಚೂಪು ಮೊಣಕೈ ಗೀರಿತು. ಓಣಿಯವರು ಬೇಲಿಯಾಚೆ ನೆರೆದರು. ಪಕ್ಕದ ಮನೆಯ ಶೇವಂತಾಬಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಕಮಳಾ, ಗಾಡಿ ತಗೊಂಡಿ, ಒಮ್ಮೆರೆ ನನ್ನ ಹಿಂದ ಕೂಡಿಸ್ಕೊಂಡು ಬಸವಕಲ್ಯಾಣಕ್ಕ ಒಯ್ದೀಯೇನು?”

“ನಿನ್ನ ಭಾರಕ್ಕ ಟಾಯರ್ ಒಡೀತಾವಂತ ಬಿಟ್ಟೀನಿ,” ಎಂದಳು ಕಮಳಾಬಾಯಿ ಹೊರೆ ಎಸೆಯುತ್ತಾ.

ಓಣಿ ನಕ್ಕಿತು. ಸೂರ್ಯಕಾಂತನೂ ನಕ್ಕ. ಸುಮೇಧಾ ನಗಲಿಲ್ಲ. ಅವಳು ಬಾಗಿಲ ಹಿಂದೆ ನಿಂತಿದ್ದಳು. ಆದೇಶ ಅವಳ ಕೈಯಲ್ಲೇ ಇತ್ತು. ಅದರಲ್ಲಿ ಏನಿದೆ ಎಂದು ಆ ಹಿತ್ತಿಲಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಬಾಯಿ ತೆರೆದಳು. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಅವ್ವ ಕೊನೆಯ ಹೊರೆ ತೆಗೆದಳು. ಕೆಳಗೆ ಒಂದು ಓತಿಕ್ಯಾತ ಇತ್ತು. ಅದೂ ಓಡಿಹೋಯಿತು.

ಸೂರ್ಯಕಾಂತ ಪುಸ್ತಕ ತೆಗೆದು ಬರೆದ: ‘ಸಾಲಗಾರಳು ವಾಹನವನ್ನು ಬೇರೆ ಕಡೆ ಬಚ್ಚಿಟ್ಟಿರುತ್ತಾಳೆ.’ ಬರೆದದ್ದನ್ನು ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡ. ಇಪ್ಪತ್ತೆಂಟನೆಯ ತಾರೀಖಿನೊಳಗೆ ಗಾಡಿ ಕೊಡದಿದ್ದರೆ ಎರಡು ಆಡು, ಕೂಲರ್ ಎಲ್ಲ ಹರಾಜು ಎಂದ. ಹೋಗುವಾಗ ಇನ್ನೊಮ್ಮೆ ಕೂಲರಿನ ಮುಂದೆ ನಿಂತು ಹೋದ.

ಕಮಳಾಬಾಯಿ ಕಟ್ಟಿಗೆ ಮತ್ತೆ ಒಟ್ಟಿದಳು. ಅದಕ್ಕೆ ಕತ್ತಲಾಗುವ ತನಕ ಹಿಡಿಯಿತು. ಸುಮೇಧಾ ಕೈಜೋಡಿಸಿದಳು. ಕೊನೆಗೆ ಸುಮೇಧಾ ಅವ್ವನಿಗೆ ಆದೇಶ ಪೂರ್ತಿ ಓದಿ ಹೇಳಿದಳು. ಮೂರು ತಿಂಗಳು ತಡವಾಗಿ.

ಅವ್ವ ಬೈಯುತ್ತಾಳೆಂದುಕೊಂಡಿದ್ದಳು. ಕಮಳಾಬಾಯಿ ಮೊಣಕೈಯ ಗೀರಿಗೆ ಅರಿಶಿನ ಒತ್ತಿಕೊಳ್ಳುತ್ತಾ ಕೇಳಿದಳು: “ಗಾಡಿ ಯಾವ ಬಣ್ಣದ್ದು ಅಂತ ಬರದಾರೇನು?”

“ಬಣ್ಣ ಬರದಿಲ್ಲ ಅವ್ವ.”

“ಕೆಂಪಂದರ ಬ್ಯಾಡ. ಧಣೀದೂ ಕೆಂಪದ.” ಆಮೇಲೆ ಅರಿಶಿನದ ಕೈ ಸೆರಗಿಗೆ ಒರೆಸಿಕೊಂಡಳು. “ಕಳ್ಳಿ ಅಂತ ಬರಕೊಂಡು ಹೋದ ನೋಡು, ಅದು ಅಳಿಸಬೇಕು. ಆಡು ಹೋದರ ಮತ್ತ ಹುಟ್ಟತಾವ.”

ಆದೇಶ ತಪ್ಪಾದರೆ ತಿದ್ದಿಸಬಹುದು ಎಂದು ಅವರಿಗೆ ಹೇಳಿದವನು ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ ಬಳಿ ಝೆರಾಕ್ಸ್ ಅಂಗಡಿ ಇಟ್ಟಿದ್ದ ಅಲ್ಲಾಬಕ್ಷ. ಇಪ್ಪತ್ತು ವರ್ಷದಿಂದ ತಾಲೂಕಿನ ಕಾಗದಗಳೆಲ್ಲ ಅವನ ಯಂತ್ರದಲ್ಲಿ ಹಾದು ಹೋಗಿದ್ದವು. ಅವನು ಓದದೆ ಯಾವ ಕಾಗದವನ್ನೂ ಬಿಟ್ಟವನಲ್ಲ. ಅರ್ಧ ಊರಿನ ಮದುವೆ, ಅರ್ಧ ಊರಿನ ಜಗಳ ಅವನಿಗೆ ಬಾಯಿಪಾಠ. ಸುಮೇಧಾಳ ಕಾಗದವನ್ನೂ ಓದಿದ. ರಸೀದಿ ಮೂರೂ ಓದಿದ.

“ಬೇಟಿ, ಕೂಲರಿಗಿ ನಂಬರ್ ಪ್ಲೇಟ್ ಹಚ್ಚ್ಯಾರಲ್ಲ,” ಎಂದ.

ಅವಳು ನೆಲ ನೋಡಿದಳು.

“ನೆಲದಾಗ ಏನಿಲ್ಲ, ಇಲ್ಲಿ ನೋಡು. ಕೋರ್ಟಿನವರು ಬರಿಯೂ ಮುಂದ ಕೈ ತಪ್ಪಿ ಬರದರ ಕೋರ್ಟೇ ತಿದ್ದಬೇಕು. ಕಾಯ್ದೇದ ದಫಾ ನೂರ ಐವತ್ತೆರಡು. ಅರ್ಜಿ ಹಾಕು. ವಕೀಲರೂ ಬೇಕಂತಿಲ್ಲ, ನೀವೇ ಹೋಗಿ ಹೇಳಬಹುದು.”

“ಹೇಳ್ಬೇಕ್ರಿ?” ಎಂದಳು ಸುಮೇಧಾ. ಅವಳಿಗೆ ಅಷ್ಟು ಕಾನೂನಿನಲ್ಲಿ ಕೇಳಿಸಿದ್ದು ಆ ಒಂದೇ ಶಬ್ದ.

ಹಾಗಾಗಿ ಚಪ್ಪಲಿಯ ಚಿಂತೆ.

ಮರುದಿನ ತಾಯಿ ಮಗಳು ಕೋರ್ಟಿಗೆ ಹೋದರು. ಚಪ್ಪಲಿಯ ಚಿಂತೆ ಮೆಟ್ಟಿಲಲ್ಲೇ ತೀರಿತು. ಅಲ್ಲಿ ಉಸಿರು ಬಿಗಿಹಿಡಿದವರು ಯಾರೂ ಇರಲಿಲ್ಲ. ವಾರದ ಸಂತೆಯಂಥ ಗದ್ದಲ. ಒಬ್ಬ ಹೆಸರು ಕೂಗುತ್ತಿದ್ದ, ಒಬ್ಬಳು ಮಗುವಿಗೆ ಬೈಯುತ್ತಿದ್ದಳು, ಇಬ್ಬರು ವಕೀಲರು ಅಳಿಯನೊಬ್ಬನ ಬಗ್ಗೆ ಜಗಳ ತೆಗೆದಿದ್ದರು. ಆನೆ ಕೀಚ್ ಎಂದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಸುಮೇಧಾಳಿಗೆ ಸಮಾಧಾನವಾಯಿತು. ಸ್ವಲ್ಪ ನಿರಾಸೆಯೂ ಆಯಿತು.

ಹೊರಗೆ ಬೇವಿನ ಗಿಡದ ಕೆಳಗೆ ಅರ್ಜಿ ಬರೆಯುವ ಮಲ್ಲಿಕಾರ್ಜುನ ಕೂತಿದ್ದ. ಮಡಚುವ ಟೇಬಲ್, ಎರಡು ಪೆನ್ನು, ಸ್ಟ್ಯಾಂಪ್ ಪ್ಯಾಡು, ಅಚ್ಚು ಹಾಕಿದ ಫಾರಂಗಳ ಕಟ್ಟು. ಒಳ್ಳೆಯವನೇ. ಬಡವರಿಗೆ ಐವತ್ತು ಕಡಿಮೆ ತೆಗೆದುಕೊಳ್ಳುತ್ತಿದ್ದ. ಆದೇಶ ನೋಡಿ ತಲೆಯಾಡಿಸಿದ, ರಸೀದಿ ನೋಡಿ ನಾಲಿಗೆ ಲೊಚಗುಟ್ಟಿದ. ಒಂದು ಫಾರಂ ಎಳೆದು, ಖಾಲಿ ಜಾಗದಲ್ಲಿ ಕಮಳಾಬಾಯಿಯ ಹೆಸರು ತುಂಬಿ, ಸ್ಟ್ಯಾಂಪ್ ಪ್ಯಾಡು ಮುಂದೆ ದೂಡಿದ.

“ಒತ್ತವ್ವ.”

ಸುಮೇಧಾ ಕೈಚಾಚಿ ಫಾರಂ ತೆಗೆದುಕೊಂಡು ಓದಿದಳು. ‘ಕಡುಬಡವಳೂ ಅನಕ್ಷರಸ್ಥಳೂ ಆದ ನಾನು ತಿಳಿವಳಿಕೆಯಿಲ್ಲದೆ ಮಾಡಿದ ತಪ್ಪನ್ನು ಮಾನ್ಯ ನ್ಯಾಯಾಲಯವು ದೊಡ್ಡ ಮನಸ್ಸಿನಿಂದ ಕ್ಷಮಿಸಿ, ದಯೆ ತೋರಿ...’ ನಾಲ್ಕು ಸಾಲು ಹೀಗೇ ಇತ್ತು. ಕೂಲರಿನ ಮಾತು ಐದನೆಯ ಸಾಲಿನಲ್ಲಿ, ಅದೂ ಮಲ್ಲಿಕಾರ್ಜುನನ ಚಿಕ್ಕ ಅಕ್ಷರದಲ್ಲಿ, ಹಿಡಿಯಷ್ಟು ಜಾಗದಲ್ಲಿ.

“ಯಾವ ತಪ್ಪು ರೀ?” ಎಂದಳು. ಅವಳ ದನಿ ಅವನಿಗೆ ಕೇಳಿಸಲಿಲ್ಲ. ಕಮಳಾಬಾಯಿ ದಾಟಿಸಿದಳು: “ಯಾವ ತಪ್ಪು ಅಂತ ಕೇಳಾಕತ್ತಾಳ.”

“ಯಾವ್ದಾರ ಇದ್ದೇ ಇರ್ತದಲ್ಲ ತಂಗಿ,” ಎಂದ ಮಲ್ಲಿಕಾರ್ಜುನ. “ಮಾಫಿ ಕೇಳೂದು ಊಟಕ್ಕ ಮೊದ್ಲ ಕೈ ತೊಳಕೊಂಡಂಗ. ಹೊಲಸಿರಲಿ ಬಿಡಲಿ, ತೊಳಕೊಬೇಕು. ಇಪ್ಪತ್ತಾರು ವರ್ಷ ಆತು ನಾ ಇಲ್ಲಿ ಕುಂತು, ಮಾಫಿ ಇಲ್ಲದ ಅರ್ಜಿ ಒಂದೂ ಒಳಗ ಹೋಗಿಲ್ಲ.”

ಅವನು ಹೇಳಿದ್ದು ನಿಜ. ಅಲ್ಲಿಯೂ ಒಂದೇ ಕಾಗದ, ಹೆಸರು ಮಾತ್ರ ಬೇರೆ. ಭೂಮಿ ಕಳೆದುಕೊಂಡವಳು, ಗಂಡನಿಂದ ಹೊಡೆತ ತಿಂದವಳು, ಕೂಲಿ ಸಿಗದವನು, ಎಲ್ಲರೂ ಮೊದಲ ನಾಲ್ಕು ಸಾಲಿನಲ್ಲಿ ತಪ್ಪು ಒಪ್ಪಿಕೊಂಡೇ ಒಳಗೆ ಹೋಗುತ್ತಿದ್ದರು.

ಸುಮೇಧಾ ಟೇಬಲ್ ಮೇಲಿನ ಪೆನ್ನು ಎತ್ತಿಕೊಂಡಳು. ಆ ನಾಲ್ಕು ಸಾಲಿನ ಮೇಲೆ ಅಡ್ಡ ಗೆರೆ ಎಳೆದಳು. ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯ ಗೆರೆಗೆ ಕಾಗದ ಹರಿಯಿತು.

ಮಲ್ಲಿಕಾರ್ಜುನ ಹರಿದ ಫಾರಂ ನೋಡಿದ. “ಐದು ರೂಪಾಯಿ ಹಾಳಾತು,” ಎಂದ.

“ಆ ಐದು ನಾ ಕೊಡತೀನಿ,” ಎಂದಳು ಕಮಳಾಬಾಯಿ. ಅವಳಿಗೆ ಓದಲು ಬರುತ್ತಿರಲಿಲ್ಲ. ಮಗಳು ಯಾರನ್ನೂ ಕೇಳದೆ ಪೆನ್ನು ಎತ್ತಿದ್ದನ್ನು, ನಾಲ್ಕನೆಯ ಗೆರೆಯ ತನಕ ನಿಲ್ಲದಿದ್ದನ್ನು ನೋಡಿದ್ದಳು.

ಸುಮೇಧಾ ಗಿಡದ ಬುಡದಲ್ಲಿ ಕೂತು ಡೈರಿಯನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಬಿಳಿ ಹಾಳೆ ಇಟ್ಟು ತಾನೇ ಬರೆದಳು. ಹನ್ನೊಂದು ಸಾಲು. ಇಂಥ ದಿನ ಇಷ್ಟಕ್ಕೆ ರಾಜಿಯಾಗಿತ್ತು. ಆದೇಶದಲ್ಲಿ ಇಷ್ಟು ಬಂದಿದೆ. ಇದು ಬೇರೆಯವರ ವಿವರ. ರಸೀದಿ ಲಗತ್ತಿಸಿದೆ. ದಫಾ ನೂರ ಐವತ್ತೆರಡರ ಪ್ರಕಾರ ತಿದ್ದಬೇಕು. ವಾಹನ ಬಚ್ಚಿಟ್ಟಿದ್ದಾಳೆ ಎಂದು ಅಮೀನರು ಬರೆದದ್ದನ್ನು ತೆಗೆದುಹಾಕಬೇಕು. ಕಡೆಗೆ ‘ತಮ್ಮ ವಿಶ್ವಾಸಿ’ ಎಂದು ಬರೆಯಬೇಕೋ ಬೇಡವೋ ಎಂದು ಐದು ನಿಮಿಷ ಯೋಚಿಸಿ, ಬಿಟ್ಟಳು.

ಅವಳು ಬರೆಯುತ್ತಿದ್ದಾಗ ಕಮಳಾಬಾಯಿಗೆ ಕಾಲು ಸೋತವು. ಕೂರಲು ಜಾಗ ಹುಡುಕಿದಳು. ಗಿಡದ ನೆರಳಿನಲ್ಲಿ ಧೂಳು ಹಿಡಿದ ಒಂದು ಮೋಟರ್ ಸೈಕಲ್ ನಿಂತಿತ್ತು. ಹಿಂದೆ ಕುರಿ ಕಟ್ಟಲು ಹಗ್ಗ.

“ಸುಮೇಧಾ, ಇದರ ಮ್ಯಾಲ ಏನ್ ನಂಬರದ?”

ಸುಮೇಧಾ ತಲೆ ಎತ್ತಿದಳು. ಆ ನಂಬರ್ ಅವಳಿಗೆ ಬಾಯಿಪಾಠವಾಗಿತ್ತು. ಮೂರು ತಿಂಗಳು ಅದನ್ನು ನುಂಗಿಕೊಂಡೇ ಕೂತಿದ್ದಳು.

“ಅವ್ವ... ಇದ ಅದು.”

“ಅಂದ್ರ ನಂದೇ,” ಎಂದು ಕಮಳಾಬಾಯಿ ಸೀರೆ ಎತ್ತಿ ಹಿಡಿದು ಸೀಟಿನ ಮೇಲೆ ಏರಿ ಕೂತಳು. ಹ್ಯಾಂಡಲ್ ಹಿಡಿದಳು. ಕನ್ನಡಿಯಲ್ಲಿ, ಬುದ್ಧ ವಿಹಾರಕ್ಕೆ ಸೇರಿದ ಮೇಲೆ ಕುಂಕುಮ ಬಿಟ್ಟಿದ್ದ ಹಣೆ ನೋಡಿಕೊಂಡು ಕೂದಲು ಸರಿಮಾಡಿಕೊಂಡಳು.

ಚಹಾದ ಅಂಗಡಿಯಿಂದ ಒಬ್ಬ ಓಡಿ ಬಂದ. ತಲೆಗೆ ರುಮಾಲು, ಹೆಗಲಿಗೆ ಕಂಬಳಿ.

“ಯವ್ವಾ, ಇಳಿ. ಗಾಡಿ ನಂದದ.”

“ಹುಕುಂ ನೋಡು. ನಂದದ ಅಂತ ಸಾಹೇಬ್ರು ಬರದಾರ.”

ಅವನು ಘಾಟಬೋರಾಳದ ಭೀಮಶಾ. ಕುರಿ ಕಾಯುವವನು. ಅದೇ ನಲವತ್ತಮೂರರಲ್ಲಿ ಒಬ್ಬ. ಕಮಳಾಬಾಯಿಯದು ಇನ್ನೂರ ಹನ್ನೆರಡನೆಯ ನಂಬರಿನ ಕೇಸಾದರೆ ಅವನದು ಇನ್ನೂರ ಹನ್ನೊಂದು. ಅವನೂ ಅಂದು ಕಂತಿನ ಲೆಕ್ಕ ಹೇಳಲು ಬಂದಿದ್ದ. ತನ್ನ ಆದೇಶ ತೆಗೆದ. ಸುಮೇಧಾ ಎರಡನ್ನೂ ಪಕ್ಕದಲ್ಲಿಟ್ಟು ಹಿಡಿದಳು. ಸಾಲಿಗೆ ಸಾಲು ಒಂದೇ. ಅವನ ಹೆಸರಿದ್ದಲ್ಲಿ ಅವ್ವನ ಹೆಸರು, ಘಾಟಬೋರಾಳ ಇದ್ದಲ್ಲಿ ನಾರಾಯಣಪುರ.

ಭೀಮಶಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಗು ನಿಲ್ಲಿಸಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

“ಒಂದ್ ಗಾಡಿ, ಎರಡ್ ಕಡೀಂದ ರೊಕ್ಕ. ಭಾರಿ ಶಾಣ್ಯಾ ಅದಾನ ಫೈನಾನ್ಸಿನವ. ಹಾಂಗಿದ್ರ ಯವ್ವಾ, ಅರ್ಧ ಪೆಟ್ರೋಲ್ ನೀ ಹಾಕ್ಸು.”

“ಹಾಕ್ಸತೀನಿ. ಸೋಮವಾರ, ಮಂಗಳವಾರ ಗಾಡಿ ನನ್ನ ಮನಿ ಮುಂದ ನಿಂದ್ರಬೇಕು.”

“ಕುರಿ ಯಾರ ಹೊರೂದು?”

“ಅಮೀನ ಹೊರ್ತಾನ. ಭಾರ ಹೊರಸೂದು ಬ್ಯಾರೇದವ್ರ ಕಡೀಂದ ಅಂವಗ ರೂಢಿ ಅದ, ಒಮ್ಮೆ ತಾ ಹೊರಲಿ.”

ಭೀಮಶಾ ನಕ್ಕು ಕಣ್ಣೊರೆಸಿಕೊಂಡು, ತನ್ನ ಆದೇಶವನ್ನು ಸುಮೇಧಾಳ ಕೈಗೆ ಕೊಟ್ಟ. “ತಂಗಿ, ನಂದೂ ಒಯ್ದು ತೋರ್ಸು. ಬಾಯಿ ಬಿಟ್ಟು ಹೇಳಬೇಕು ನೋಡು ಮತ್ತ. ನೀ ನಮ್ಮ ಕುರಿಗಿಂತ ಸಣ್ಣ ದನಿ ಮಾಡ್ತಿ.”

ಅವರ ಹೆಸರು ಕೂಗುವಾಗ ಮಧ್ಯಾಹ್ನ ಮೂರಾಗಿತ್ತು. ಒಳಗೆ ಫ್ಯಾನು ತಿರುಗುತ್ತಿತ್ತು. ನ್ಯಾಯಾಧೀಶರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸುಮೇಧಾಳ ಕೆಲಸ ಸುಲಭವಿತ್ತು. ಕನ್ನಡಕದ ಹಿಂದೆ ದಣಿದ, ಕರುಣೆಯ ಕಣ್ಣು. ಅಂದು ಅವರ ಮುಂದೆ ಎಪ್ಪತ್ತು ಕೇಸುಗಳಿದ್ದವು, ಇದು ಐವತ್ತೆಂಟನೆಯದು.

ಮುಂದೆ ಕೂತಿದ್ದ ಗುಮಾಸ್ತ ಅರ್ಜಿಯನ್ನು ತೆಗೆದುಕೊಂಡ. ಕೈಬರಹ ನೋಡಿ ಹುಬ್ಬು ಗಂಟಿಕ್ಕಿದ. ಓದುವ ಗೋಜಿಗೆ ಹೋಗಲಿಲ್ಲ. ಇಂಥ ಅರ್ಜಿಯಲ್ಲಿ ಏನಿರುತ್ತದೆ ಎಂಬುದು ಅವನಿಗೆ ಓದದೆಯೂ ಗೊತ್ತಿತ್ತು.

“ಮೋಟರ್ ಸೈಕಲ್ ಸಾಲ ಸರ್. ಕಂತು ಕಟ್ಟಲಿಕ್ಕೆ ಆಗಿಲ್ಲ. ಮಾಫಿ ಕೇಳಿ ಅರ್ಜಿ ಹಾಕಿದ್ದಾರೆ.”

ಕಮಳಾಬಾಯಿ ಕೈಮುಗಿದು ನಿಂತಿದ್ದಳು. ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದಳು. ಯಾರೂ ಬಿಡು ಎಂದಿರಲಿಲ್ಲ. ಧಣಿಯ ಅಂಗಳದಲ್ಲಿ ಮೂವತ್ತು ವರ್ಷ ಬಿಟ್ಟ ಕಾಲು ಇಲ್ಲಿಯೂ ತಾನಾಗಿ ಬಿಟ್ಟಿತ್ತು.

ನ್ಯಾಯಾಧೀಶರು ಅವಳ ಬರಿಗಾಲು ನೋಡಿದರು, ಕೈ ನೋಡಿದರು. “ಕೂಲಿ ಮಾಡ್ತೀರೇನಮ್ಮಾ?”

“ಹೌದ್ರಿ ಸಾಹೇಬ್ರ.”

“ತಿಂಗಳಿಗೆ ಐದು ಸಾವಿರದ ನೂರು ಕಷ್ಟ ಆಗ್ತದೆ.” ಅವರು ಫೈನಾನ್ಸಿನ ವಕೀಲನ ಕಡೆ ತಿರುಗಿದರು. “ಏನ್ರೀ, ಸ್ವಲ್ಪ ಬಡವರ ಕಡೆ ನೋಡಿ.”

ವಕೀಲ ಎದ್ದು ನಿಂತ. ಅವನ ಕೈಯಲ್ಲಿ ಫೈನಾನ್ಸಿನ ಕಡತವಿತ್ತು, ಕಡತದಲ್ಲಿ ಮೂರು ರಸೀದಿಗಳ ನಕಲಿತ್ತು. ಅವನು ಕಡತ ಮುಚ್ಚಿದ.

“ನಮ್ಮ ತಕರಾರಿಲ್ಲ ಸರ್. ಕಂತು ಅರ್ಧ ಮಾಡಿ. ಮಾನವೀಯತೆ ನಮಗೂ ಇದೆ.”

“ನೋಡಮ್ಮಾ, ಅರ್ಧ ಮಾಡಿದ್ದೀನಿ,” ಎಂದರು ನ್ಯಾಯಾಧೀಶರು. “ಎರಡು ಸಾವಿರದ ಐನೂರ ಐವತ್ತು. ಎರಡು ವರ್ಷದಲ್ಲಿ ಮುಗಿಸಿ. ಹರಾಜು ಬೇಡ. ಇನ್ನು ಮೇಲೆ ಗಾಡಿ ಗೀಡಿ ತಗೊಳ್ಳುವಾಗ ಯೋಚನೆ ಮಾಡಿ ತಗೊಳ್ಳಿ.”

ಕೋಣೆಯಲ್ಲಿ ಎಲ್ಲರ ಮುಖದ ಮೇಲೂ ಒಂದು ಒಳ್ಳೆಯ ಕೆಲಸ ನಡೆದ ಸಂತೋಷ ಹರಡಿತು. ಬಾಗಿಲ ಬಳಿ ಇಣುಕುತ್ತಿದ್ದ ಮಲ್ಲಿಕಾರ್ಜುನ, ಮಾಫಿ ಇಲ್ಲದೆಯೂ ಮಾಫಿ ಸಿಕ್ಕಿತಲ್ಲ ಎಂದು ಬೆರಗಾದ. ಕಾಲು ಮುಟ್ಟು ಎಂದು ಕಮಳಾಬಾಯಿಗೆ ಸನ್ನೆ ಮಾಡಿದ. ಕಮಳಾಬಾಯಿಗೆ ಪೇಟೆಯ ಕನ್ನಡದಲ್ಲಿ ‘ಅರ್ಧ’ ಮತ್ತು ‘ಹರಾಜು ಬೇಡ’ ಎರಡೇ ಕೇಳಿಸಿದ್ದವು. ನಾನೂರರ ಅರ್ಧ ಇನ್ನೂರು ಎಂದುಕೊಂಡಳು. ಅವಳ ಮುಖ ಅರಳಿತು. ಬಿರಿದ ಕೈ ಹಣೆಗೆ ಹೋಯಿತು. ನಡು ಬಗ್ಗತೊಡಗಿತು.

ಸುಮೇಧಾ ಆ ನಡು ಬಗ್ಗುವುದನ್ನು ನೋಡಿದಳು. ಇವಳು ತೆಗೆಯದ ಸಾಲಕ್ಕೆ, ಕೊಳ್ಳದ ಗಾಡಿಗೆ, ಎರಡು ವರ್ಷ ಕೂಲಿ ಮಾಡಿ ಕಟ್ಟುತ್ತಾಳೆ. ಕಟ್ಟುವುದಲ್ಲದೆ ಉಪಕಾರವಾಯಿತು ಎನ್ನುತ್ತಾಳೆ. ವಾಹನ ಬಚ್ಚಿಟ್ಟವಳು ಎಂಬ ಬರಹ ಹಾಗೆಯೇ ಉಳಿಯುತ್ತದೆ. ನ್ಯಾಯಾಧೀಶರ ಕೈ ಐವತ್ತೊಂಬತ್ತನೆಯ ಕಡತದ ಮೇಲೆ ಹೋಗಿತ್ತು. ಗುಮಾಸ್ತ ಮುಂದಿನವರ ಹೆಸರು ಕೂಗಲು ಬಾಯಿ ತೆರೆದಿದ್ದ.

ಸುಮೇಧಾ ಅವ್ವನ ರಟ್ಟೆ ಹಿಡಿದಳು. ಬಗ್ಗಗೊಡಲಿಲ್ಲ.

“ಕಂತು ಕಡಿಮಿ ಮಾಡೂದು ಬ್ಯಾಡ್ರಿ,” ಎಂದಳು.

ಗುಮಾಸ್ತನ ಬಾಯಿ ತೆರೆದಂತೆಯೇ ನಿಂತಿತು. ವಕೀಲ ತಿರುಗಿದ. ನ್ಯಾಯಾಧೀಶರು ಕನ್ನಡಕ ತೆಗೆದು ಅವಳನ್ನು ನೋಡಿದರು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

“ಮತ್ತೇನು ಬೇಕಮ್ಮಾ ನಿನಗೆ?”

ಎರಡೂ ಆದೇಶಗಳನ್ನು, ಅವ್ವನದು ಮತ್ತು ಭೀಮಶಾನದು, ಅವಳು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಅವುಗಳ ಪಕ್ಕ ಮೂರು ರಸೀದಿ ಇಟ್ಟಳು. ಎರಡೂ ಆದೇಶದ ಗಾಡಿಯ ನಂಬರಿನ ಮೇಲೆ ಬೆರಳಿಟ್ಟಳು.

“ತಪ್ಪು ನೀವು ಬರದೀರಿ ಸಾಹೇಬ್ರ.”